ಕೋಟೆಗೋಡೆಯ ಮೇಲೆ ಮಗಳು ಹೇಳಿದ್ದು

ಮಗಳು ಓದಿಗೆಂದು ಆರು ತಿಂಗಳ ಮಟ್ಟಿಗೆ ಜರ್ಮನಿಗೆ ಹೋದಾಗ, ಎರಡು ದಿನಕ್ಕಾದರೂ ಬಂದು ನೋಡಿಕೊಂಡು ಹೋಗುತ್ತೇನೆ ಎಂದು ನಾನೇ ಗಂಟುಬಿದ್ದೆ. ಅವಳು ಬೇಡ ಅನ್ನಲಿಲ್ಲ, ಬಾ ಎಂದು ಕುಣಿಯಲೂ ಇಲ್ಲ. ಅಮೆರಿಕದ ಸ್ಯಾನ್ ಮಟಿಯೋದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವಳ ಖಾಲಿ ಕೋಣೆಯನ್ನು ದಾಟಿ ಓಡಾಡುವುದು ನನಗೆ ಸಾಕಾಗಿ ಹೋಗಿತ್ತು. ಆಫೀಸಿಗೆ ರಜೆ ಹಾಕಿ ಹೊರಟೆ.

ಅವಳು ಕರೆದುಕೊಂಡು ಹೋದದ್ದು ರೋಥೆನ್‌ಬರ್ಗ್ ಎಂಬ ಹಳೆಯ ಊರಿಗೆ. ಸುತ್ತ ಕೋಟೆ, ಒಳಗೆ ಕಲ್ಲುಹಾಸಿನ ಬೀದಿಗಳು, ಮರದ ತೊಲೆಗಳು ಹೊರಗೇ ಕಾಣುವ ಮನೆಗಳು, ಕಿಟಕಿಗೊಂದು ಹೂಕುಂಡ. ಕ್ಯಾಲೆಂಡರಿನ ಚಿತ್ರದಷ್ಟು ಚಂದ. ನನ್ನ ಮಂಡಿಗಳಿಗೆ ಮಾತ್ರ ಆ ಕಲ್ಲುಗಳ ಬಗ್ಗೆ ಒಳ್ಳೆಯ ಅಭಿಪ್ರಾಯ ಬರಲಿಲ್ಲ.

ಒಂದು ಸಿಹಿತಿಂಡಿಯ ಅಂಗಡಿಗೆ ಹೊಕ್ಕೆವು. ಹಿಟ್ಟಿನ ಪಟ್ಟಿಗಳನ್ನು ಉಂಡೆಯಾಗಿ ಸುತ್ತಿ, ಕರಿದು, ಮೇಲೆ ಪುಡಿಸಕ್ಕರೆ ಉದುರಿಸಿ ಇಟ್ಟಿದ್ದರು. ಅಂಗಡಿಯ ಮುದುಕಿಯ ಜೊತೆ ಮಗಳು ಜರ್ಮನ್‌ನಲ್ಲಿ ಮಾತಿಗೆ ನಿಂತಳು. ತಡವರಿಸದೆ, ಕೈ ಆಡಿಸುತ್ತಾ, ನಡುನಡುವೆ ನಗುತ್ತಾ. ಮುದುಕಿ ಅವಳ ಕೆನ್ನೆ ತಟ್ಟಿದಳು. ಗುರುತಿಲ್ಲದವರ ಮದುವೆಗೆ ಬಂದವಳ ಹಾಗೆ ನಾನು ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಹಿಂದೆ ಇದನ್ನು ಮದುವೆಗಳಲ್ಲಿ ಮಾಡುತ್ತಿದ್ದರಂತೆ ಎಂದು ಮಗಳು ಇಂಗ್ಲಿಷಿನಲ್ಲಿ ನನಗೆ ತಿಳಿಸಿದಳು. ನಮ್ಮಲ್ಲೂ ಇಂಥದ್ದಿದೆಯಾ ಎಂದು ಮುದುಕಿ ಕೇಳುತ್ತಿದ್ದಾಳಂತೆ.

“ಚಿರೋಟಿ,” ಅಂದೆ.

ಮಗಳು ಎರಡು ಸಲ ಹೇಳಿ ನೋಡಿದಳು. ಎರಡೂ ಸಲ ತಪ್ಪಿತು. ಮುದುಕಿ ಒಂದೇ ಸಲಕ್ಕೆ ಸರಿಯಾಗಿ ಹೇಳಿದಳು. ಇಬ್ಬರೂ ನಕ್ಕರು. ನನಗೆ ಹೊಟ್ಟೆ ಉರಿಯಿತು. ಇಂಥ ಸಣ್ಣ ವಿಷಯಕ್ಕೆ ಅಷ್ಟು ಉರಿಯಬಾರದು, ಆದರೆ ಉರಿಯಿತು.

ಆ ಊರಿನ ಕೋಟೆಗೋಡೆಯ ಮೇಲೆ ಮರದ ಚಾವಣಿಯ ಉದ್ದನೆಯ ಓಣಿಯಿದೆ. ಅಲ್ಲಿ ನಡೆಯುತ್ತಾ ನಾನು ಜಗಳ ತೆಗೆದೆ, ಇಂಗ್ಲಿಷಿನಲ್ಲೇ. ನಮ್ಮಿಬ್ಬರಿಗೂ ಬರುವ ಭಾಷೆ ಅದೊಂದೇ. ಗುರುತಿಲ್ಲದ ಊರವರಿಗಾಗಿ ಇಷ್ಟು ಕಲಿತೆಯಲ್ಲ, ನನ್ನ ಭಾಷೆ ನಾಲಗೆಗೆ ಭಾರವಾಯಿತೇ ಎಂದೆ. ಧಾರವಾಡದ ಅಜ್ಜಿ ಪ್ರತಿ ಭಾನುವಾರ ಫೋನಿನಲ್ಲಿ “ಊಟ ಆತೇನ ಕೂಸ?” ಎಂದು ಕೇಳಿ, ನಿನ್ನ “ಯೆಸ್ ಅಜ್ಜಿ”ಗಿಂತ ಮುಂದಿನ ಒಂದು ಮಾತಿಗಾಗಿ ಕಾದೂ ಕಾದೂ ಹೋದಳು ಎಂದೆ. ಸತ್ತವರನ್ನು ಜಗಳಕ್ಕೆ ಎಳೆಯಬಾರದು ಎಂದು ಗೊತ್ತಿದ್ದೂ ಎಳೆದೆ.

ಮಗಳು ನಿಂತಳು. ಮೆಲ್ಲಗೆ ಹೇಳಿದಳು: “ಯು ಸ್ಟಾಪ್ಡ್, ಅಮ್ಮಾ.” ನಿಲ್ಲಿಸಿದ್ದು ನೀನು.

ಹೌದು, ನಾನೇ. ಅವಳ ಅಪ್ಪನ ಮನೆಮಾತು ಬೇರೆ, ನಾನೂ ಅವರೂ ಮೊದಲಿನಿಂದ ಇಂಗ್ಲಿಷಿನಲ್ಲೇ ಮಾತಾಡುವವರು. ಮನೆಯಲ್ಲಿ ಕನ್ನಡ ಅಂದರೆ ನಾನೊಬ್ಬಳೇ. ಮೂರು ತುಂಬಿ ತಿಂಗಳುಗಳು ಕಳೆದರೂ ಅವಳಿಗೆ ಮಾತು ಸರಿಯಾಗಿ ಬಂದಿರಲಿಲ್ಲ. ಡೇಕೇರಿನಲ್ಲಿ ಒಬ್ಬ ಟೀಚರು, ಎರಡು ಭಾಷೆ ಕೇಳಿ ಮಗುವಿಗೆ ಗೊಂದಲ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ ಎಂದರು. ಅದು ನಿಜವೇ ಎಂದು ಇನ್ನೊಬ್ಬರನ್ನು ಕೇಳುವ ವ್ಯವಧಾನ ನನಗಿರಲಿಲ್ಲ. ಆ ಸಂಜೆಯಿಂದಲೇ ಬಿಟ್ಟೆ. ಆರು ತಿಂಗಳಲ್ಲಿ ಅವಳು ಅರಳು ಹುರಿದ ಹಾಗೆ ಇಂಗ್ಲಿಷ್ ಆಡತೊಡಗಿದಾಗ, ಡೇಕೇರಿಗೆ ಸ್ವೀಟು ಹಂಚಿ ಬಂದೆ.

ಅದನ್ನೆಲ್ಲ ಅವಳಿಗೆ ಹೇಳಲು ಹೊರಟೆ. ಅವಳು ಕೈ ಎತ್ತಿ ತಡೆದಳು. ತನಗೆ ಕಾರು ನೆನಪಿದೆ ಎಂದಳು. ದಿನಾ ಬೆಳಿಗ್ಗೆ ಫಾಸ್ಟರ್ ಸಿಟಿಯ ಡೇಕೇರಿಗೆ ಹೋಗುವಾಗ, ಅಲ್ಲಿನ ಹಿನ್ನೀರಿನ ಬಾತುಕೋಳಿಗಳ ಬಗ್ಗೆ ನಾನು ಕನ್ನಡದಲ್ಲಿ ಏನೇನೋ ಕಥೆ ಕಟ್ಟಿ ಹೇಳುತ್ತಿದ್ದೆ. ಅವಳಿಗೆ ಈಗ ಒಂದು ಪದವೂ ನೆನಪಿಲ್ಲ, ನನ್ನ ದನಿ ಮಾತ್ರ ನೆನಪಿದೆ. ಇಂಗ್ಲಿಷಿನಲ್ಲಿ ನನ್ನ ದನಿ ಬೇರೆಯಂತೆ, ಆಫೀಸಿನವರ ಹತ್ತಿರ ಆಡುವ ದನಿಯಂತೆ. ಒಂದು ದಿನದಿಂದ ಹಿಂದಿನ ಸೀಟಿಗೆ ಆ ದನಿಯೇ ಬರತೊಡಗಿತಂತೆ.

“ನಾನೇನೋ ತಪ್ಪು ಮಾಡಿದ್ದೇನೆ, ಅದಕ್ಕೇ ನೀನು ನನ್ನ ಹತ್ತಿರ ಹಾಗೆ ಮಾತಾಡೋದು ಬಿಟ್ಟೆ ಅಂದುಕೊಂಡೆ,” ಎಂದಳು, ಅವಳ ಇಂಗ್ಲಿಷಿನಲ್ಲಿ. ತುಂಬಾ ದಿನ ಜಾಣೆಯಾಗಿ ಇದ್ದಳಂತೆ. ಗಲಾಟೆ ಮಾಡದೆ, ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದು, ನಾನು ಮತ್ತೆ ಶುರು ಮಾಡಲಿ ಎಂದು.

ಅವಳು ಜಾಣೆಯಾಗಿದ್ದ ಆ ದಿನಗಳು ನನಗೂ ನೆನಪಿವೆ. ನನ್ನ ಮಗಳು ಎಷ್ಟು ಸುಲಭದ ಮಗು ಎಂದು ಧಾರವಾಡದಲ್ಲಿದ್ದ ನನ್ನ ಅಮ್ಮನ ಹತ್ತಿರ ಫೋನಿನಲ್ಲಿ ಬೀಗಿದ್ದೆ.

ಎದುರಿನಿಂದ ಒಂದು ಗುಂಪು ಬಂತು. ಓಣಿ ಇಕ್ಕಟ್ಟು, ನಾವಿಬ್ಬರೂ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟೆವು. ಮಗಳು ಅವರಲ್ಲಿ ಯಾರಿಗೋ ಜರ್ಮನ್‌ನಲ್ಲಿ ಏನೋ ಅಂದಳು. ಅವರು ಹೋದ ಮೇಲೆ ಅವಳ ಕೈ ಹಿಡಿದುಕೊಂಡೆ. ಈ ಮಾತನ್ನಾದರೂ ಆಫೀಸಿನ ದನಿಯಲ್ಲಿ ಆಡಬಾರದು ಅನ್ನಿಸಿತು.

“ನಂದ ತಪ್ಪಾತವ್ವಾ,” ಅಂದೆ. “ನೀ ಏನೂ ಮಾಡಿರ್ಲಿಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು, ಚಿಕ್ಕಂದಿನಲ್ಲಿ ನೋಡುತ್ತಿದ್ದಷ್ಟೇ ಗಮನವಿಟ್ಟು.

“ವಾಟ್ ಡಸ್ ದಟ್ ಮೀನ್, ಅಮ್ಮಾ?”

ಅರ್ಥ ಹೇಳಿದೆ, ಇಂಗ್ಲಿಷಿನಲ್ಲಿ.