ಫ್ಲೆಕ್ಸಿನ ಮೇಲಿನ ನಗು

ಸಹನಾ, ಫ್ಲೆಕ್ಸಿನಲ್ಲಿರುವ ನಿನ್ನ ಆ ನಗು ಸುಳ್ಳು. ನಿನ್ನನ್ನು ಹಾಗೆ ನಗಿಸಿದವನು ನಾನು — ನಿನ್ನ ಸೋದರಮಾವ, ಹೊಸಪೇಟೆಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟವನು, ಊರಿನ ಅರ್ಧ ಜನರ ಮೀಸೆಗಳನ್ನು ಕಂಬಕ್ಕೇರಿಸಿದವನು. ನಡೆದದ್ದು ನಿನಗೆ ಗೊತ್ತಿದೆ. ಆದರೆ ನನಗೂ ಅದು ನೆನಪಿದೆ ಎಂಬುದು ನಿನಗೆ ಗೊತ್ತಿಲ್ಲ.

ನಿನ್ನ ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಇನ್ನೂ ಒಂದು ವಾರವಿತ್ತು. ನನಗೋ ಕಂಬದ ಚಿಂತೆ. ಸರ್ಕಲ್ಲಿನ ಆ ಒಂದು ಕಂಬ ಕೈತಪ್ಪಿದರೆ ಯಾವನೋ ಪುಢಾರಿಯ ಹುಟ್ಟುಹಬ್ಬ ಬಂದು ಕೂತುಬಿಡುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತಾರಲ್ಲ — ನಾನು ಆ ಕುಲಾವಿಯನ್ನು ಹದಿನೈದಡಿಗೆ ಹೊಲಿಸಿದೆ. ಮೇಲೆ ‘ತಾಲೂಕಿಗೇ ಪ್ರಥಮ’. ಕೆಳಗೆ ಶುಭ ಕೋರುವವರು, ಹನ್ನೊಂದು ಮುಖ. ನಿನ್ನ ದೊಡ್ಡಪ್ಪ ತಮ್ಮ ಮುಖ ಸಣ್ಣದಾಯಿತೆಂದು ಮುನಿಸಿಕೊಂಡರು, ದೊಡ್ಡದು ಮಾಡಿದೆ. ತೋರಣಗಲ್ಲಿನ ಚಿಕ್ಕಪ್ಪ ಫ್ಯಾಕ್ಟರಿ ಹೆಲ್ಮೆಟ್ಟಿನ ಫೋಟೋನೇ ಬೇಕೆಂದ. ನಾನು ಕೂಲಿಂಗ್ ಗ್ಲಾಸ್ ಹಾಕಿಕೊಂಡೆ. ಎಲ್ಲರಿಗೂ ಜಾಗ ಕೊಟ್ಟ ಮೇಲೆ ನಿನಗೆ ಉಳಿದದ್ದು ಒಂದು ಮೂಲೆ. ಅದಕ್ಕೊಂದು ಫೋಟೋ ಬೇಕಿತ್ತು.

ನಿನ್ನನ್ನು ಅಂಗಡಿಗೆ ಕರೆಸಿ ಬಿಳಿ ಪರದೆಯ ಮುಂದೆ ನಿಲ್ಲಿಸಿದೆ. ನೀನು ಕಂಪ್ಯೂಟರಿನಲ್ಲಿದ್ದ ಆ ‘ಪ್ರಥಮ’ವನ್ನೇ ಬಹಳ ಹೊತ್ತು ನೋಡಿದೆ. ಒಂದು ಮಾರ್ಕಿನ ಪ್ರಶ್ನೆ ತಪ್ಪಿತೆಂದು ಎರಡು ದಿನ ಊಟ ಬಿಟ್ಟಿದ್ದ ಹುಡುಗಿ — ನಾವು ಅದನ್ನು ಮನೆಗೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆವು. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ.

"ಮಾಮಾ, ಫಸ್ಟ್ ಬರ್ಲಿಲ್ಲಂದ್ರ ನಾ ಬದುಕಿರೂದ ಬ್ಯಾಡ ಅನಸ್ತೈತಿ. ಖರೇನ ಹೇಳಾಕತ್ತೀನಿ."

ನಾನು — ಬರೆಯಲು ಕೈ ಬರುತ್ತಿಲ್ಲ — ಕ್ಯಾಮೆರಾದಿಂದ ಕಣ್ಣು ಕೂಡ ತೆಗೆಯಲಿಲ್ಲ. "ಹುಚ್ಚಿ, ಹಂಗೆಲ್ಲ ಅನ್ಬ್ಯಾಡ. ಎಲ್ಲಿ, ಒಂಚೂರು ನಗು."

ನೀನು ನಕ್ಕೆ. ಹೇಳಿದ ಕೆಲಸವನ್ನೆಲ್ಲ ಚೆನ್ನಾಗಿ ಮಾಡುವವಳಲ್ಲವೇ. ಒಂದೇ ಕ್ಲಿಕ್ಕಿಗೆ ಫೋಟೋ ಓಕೆ ಆಯಿತು.

ರಿಸಲ್ಟಿನ ದಿನ, ರಿಸಲ್ಟಿಗಿಂತ ಮೊದಲೇ ಫ್ಲೆಕ್ಸ್ ಕಂಬಕ್ಕೇರಿತು. ಹನ್ನೊಂದು ಗಂಟೆಗೆ ನೀನು ತಾಲೂಕಿಗೆ ಮೂರನೆಯವಳಾದೆ. ನಾನು ಏಣಿ ಹತ್ತಿ ‘ಪ್ರಥಮ’ದ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿದೆ, ಅದು ಗಾಳಿಗೆ ಕಳಚಿ, ಜಾರಿ, ದೊಡ್ಡಪ್ಪನ ಬಾಯಿಗೆ ಅಂಟಿಕೊಂಡಿತು. ಕೆಳಗೆ ನಿಂತವರು ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ನಿನ್ನ ಅಮ್ಮನ ಫೋನ್ — ಸಹನಾ ಮನೆಯಲ್ಲಿಲ್ಲ. ನಾನು ಏಣಿಯಿಂದ ಇಳಿದೆ. ನಿನ್ನ ಮಾತನ್ನು ಕೇಳಿದ್ದವನು ಇಡೀ ಊರಿನಲ್ಲಿ ನಾನೊಬ್ಬನೇ. ಆಗಲೂ ಅಕ್ಕನಿಗೆ ಬಾಯಿ ಬಿಡಲಿಲ್ಲ.

ಮೂರು ಗಂಟೆಗೆ ಯಾರದೋ ನಂಬರಿನಿಂದ ನಿನ್ನ ದನಿ: "ಮಾಮಾ, ಕಂಪ್ಲಿ ಬಸ್‌ಸ್ಟ್ಯಾಂಡಿನಾಗ ಅದೀನಿ. ಮನಿಗೆ ಹೋಗಾಕ ಆಗವಲ್ದು. ಬಾ."

ಸ್ಕೂಟರಿನಲ್ಲಿ ಬಂದೆ. ಆ ಮಾತಿನ ಬಗ್ಗೆ ನಿನ್ನನ್ನು ಕೇಳಬೇಕಿತ್ತು. ಬದಲಿಗೆ ಎರಡು ಪ್ಲೇಟ್ ಮಿರ್ಚಿ ಕೊಡಿಸಿದೆ. ಬುಕ್ಕಸಾಗರ ದಾಟುವವರೆಗೂ ದೊಡ್ಡಪ್ಪನ ಬಾಯಿಯ ಕಥೆಯನ್ನೇ ಹೇಳಿದೆ — ಸುಮ್ಮನಾದರೆ ನೀನೆಲ್ಲಿ ಮಾತಾಡಿಬಿಡುತ್ತೀಯೋ ಎಂಬ ಹೆದರಿಕೆಗೆ. ಮನೆ ಮುಟ್ಟಿದ ಮೇಲೆ "ನನ್ನ ಅಂಗಡ್ಯಾಗ ಇದ್ಲು ಬಿಡಕ್ಕಾ" ಎಂದೆ. ನೀನು ನನ್ನ ಮುಖ ನೋಡಿದೆ, ಒಳಗೆ ಹೋದೆ.

ಈಗ ನೀನು ಬಳ್ಳಾರಿಯಲ್ಲಿ ಡಾಕ್ಟರ್ ಓದುತ್ತಿದ್ದೀಯ. ಮೊನ್ನೆ ಫೋನಿನಲ್ಲಿ "ನಿದ್ದಿ ಬರವಲ್ದು ಮಾಮಾ" ಎಂದೆ. ನಾನು ಬಿಸಿ ಹಾಲು ಕುಡಿ ಎಂದೆ. ಇವತ್ತು ಬೆಳಗ್ಗೆ ನಿನ್ನ ಅಮ್ಮ ಅಂಗಡಿಗೆ ಬಂದಳು.

"ಈ ಸಲ ಚಿನ್ನದ ಪದಕ ಗ್ಯಾರಂಟಿ. ಈಗ್ಲೇ ಕಂಬ ಹಿಡ್ದಿಡು. ಫೋಟೋ ಆ ಹಳೇದ ಹಾಕು, ನಗು ಭಾಳ ಮಸ್ತ್ ಐತಿ."

ಆಗ ಹೇಳಿದೆ. ಅಂಗಡಿ, ಕಂಪ್ಲಿ, ನನ್ನ ಸುಳ್ಳು — ಎಲ್ಲವನ್ನೂ. ಅಕ್ಕ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತಳು. ಆಮೇಲೆ ನನ್ನನ್ನು ಬೈದಳು, ಬೈಯುತ್ತ ಬೈಯುತ್ತ ತನ್ನನ್ನೂ ಬೈದುಕೊಂಡಳು. ಕೊನೆಗೆ "ಆ ಕಂಬ ಯಾರಿಗರ ಕೊಡು" ಎಂದಳು.

ತಿಳಿಯದೆ ಮಾಡಿದೆ ಎನ್ನಲಾರೆ. ಖರೇನೇ ಹೇಳುತ್ತಿದ್ದೇನೆ ಎಂದು ನೀನು ಅಂದೇ ಹೇಳಿದ್ದೆ.

ನಾಳೆ ಮೊದಲ ಬಸ್ಸಿಗೆ ನಾವಿಬ್ಬರೂ ಬರುತ್ತಿದ್ದೇವೆ. ಅಲ್ಲೇ ಮನಸ್ಸಿನ ಡಾಕ್ಟರಿದ್ದಾರಂತೆ. ನೀನು ಹೂಂ ಅಂದರೆ ಜೊತೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ, ಎಷ್ಟು ಹೊತ್ತಾದರೂ. ಆ ಮಾತು ಈಗಲೂ ನಿನ್ನೊಳಗಿದ್ದರೆ ಮೊದಲಿನಿಂದ ಹೇಳು. ಮಿರ್ಚಿ ತರುವುದಿಲ್ಲ, ಕಥೆ ಹೇಳುವುದಿಲ್ಲ. ನೀನೂ ನಗಬೇಕಾಗಿಲ್ಲ.