ಪ್ಲಾಸ್ಟಿಕ್ ಹುಳಕ್ಕೆ ಉಪ್ಪು ಬೆರೆಸಿದ ಸಂಜೀವಣ್ಣ

ಸಂಜೀವಣ್ಣ ಒಂದು ಕಡೆ ನೆಟ್ಟಗೆ ಕೂತದ್ದನ್ನು ಕಂಡವರು ಧಾರಾವಿಯ ನಮ್ಮ ಚಾಳಿನಲ್ಲಿ ಯಾರೂ ಇರಲಿಲ್ಲ. ಊಟಕ್ಕೆ ಕೂತಾಗಲೂ ಒಂದು ಮಂಡಿ ಮೇಲೆದ್ದೇ ಇರುತ್ತಿತ್ತು, ಲೋಕಲ್ ರೈಲು ಹೊರಟೇಬಿಡುತ್ತದೆ ಎಂಬಂತೆ. ಮಾತೂ ಅಷ್ಟೇ, ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ಅವರನ್ನು ಅನುಕರಿಸುವುದು ಸುಲಭ. "ವಿಷಯ ಎಂತ ಅಂದ್ರೆ ಮಾರಾಯ..." ಎಂದು ಶುರುಮಾಡಿ ಬಾಗಿಲು ದಾಟಿಬಿಟ್ಟರೆ ಮುಗಿಯಿತು. ಚಾಳಿನಲ್ಲಿ ನಾನು ಯಾರನ್ನೂ ಬಿಟ್ಟವನಲ್ಲ. ಫೋರ್ಟ್ ಭಾಗದ ಆಫೀಸಿನಲ್ಲಿ ಹತ್ತು ಬೆರಳಿದ್ದೂ ಎರಡೇ ಬೆರಳಲ್ಲಿ ಟೈಪು ಕುಟ್ಟುವ ನನ್ನನ್ನೇ ನಾನು ಮಾಡಿ ತೋರಿಸಿದಾಗ ಎಲ್ಲರಿಗಿಂತ ಹೆಚ್ಚು ನಕ್ಕವರು ಸಂಜೀವಣ್ಣ. ಎಪ್ಪತ್ತೆರಡು-ಎಪ್ಪತ್ತಮೂರನೆಯ ಇಸವಿಯಲ್ಲಿ ನಾವಿಬ್ಬರೂ ಚಾಳಿನ ಒಂದೇ ಖೋಲಿಯಲ್ಲಿದ್ದೆವು. ನನಗೆ ಇಪ್ಪತ್ತೆರಡು, ಅವರಿಗೆ ನಲವತ್ತರ ಆಸುಪಾಸು.

ಮಲ್ಪೆಯ ಮೀನುಗಾರರ ಮನೆಯಲ್ಲಿ ಹುಟ್ಟಿದ ಅವರಿಗೆ ದೋಣಿ ಹತ್ತಿದರೆ ವಾಂತಿ. ಅಪ್ಪ ಬೈದು ನೋಡಿದರು, ಅಮ್ಮ ಹರಕೆ ಹೊತ್ತು ನೋಡಿದರು, ಅಣ್ಣ ದೂಮಣ್ಣ ಸೊಂಟಕ್ಕೆ ಹಗ್ಗ ಕಟ್ಟಿ ಕರೆದುಕೊಂಡು ಹೋಗಿ ನೋಡಿದರು. ವಾಂತಿ ನಿಲ್ಲಲಿಲ್ಲ. ಕೊನೆಗೆ ಮುಂಬಯಿಗೆ ಬಂದು, ಪ್ಲಾಸ್ಟಿಕ್ ಗೊಂಬೆ ಮಾಡುವ ಕಾರ್ಖಾನೆ ಸೇರಿದರು.

ಹಡಗಿನಲ್ಲಿ ಕೆಲಸ ಮಾಡುವ ಗೋವೆಯವನೊಬ್ಬ ಒಮ್ಮೆ ಅವರಿಗೆ ವಿಲಾಯಿತಿಯ ಮೆತ್ತನೆಯ ಪ್ಲಾಸ್ಟಿಕ್ ಹುಳವೊಂದನ್ನು ಕೊಟ್ಟ. ಗಾಳಕ್ಕೆ ಸಿಕ್ಕಿಸಿದರೆ ಮೀನು ಅದನ್ನು ನಿಜವಾದ ಹುಳವೆಂದು ನಂಬುತ್ತದಂತೆ. ಅಂದಿನಿಂದ ಸಂಜೀವಣ್ಣನಿಗೆ ಹುಳದ್ದೇ ಹುಚ್ಚು. ಗೊಂಬೆಗೆ ಬಳಸುವ ಹಾಲಿನಂಥ ದ್ರವ ಡಬ್ಬದ ತಳದಲ್ಲಿ ಉಳಿದದ್ದನ್ನು ತರುವುದು, ಭಾನುವಾರ ಸ್ಟವ್ ಮೇಲೆ ಕಾಯಿಸುವುದು, ಅದು ಮಂದವಾಗಿ ಮತ್ತೆ ತಿಳಿಯಾಗುತ್ತಲೇ ಹುರಿದು ಪುಡಿಮಾಡಿದ ಉಪ್ಪು ಸುರಿದು ಕಲಕುವುದು, ಆಮೇಲೆ ಪ್ಲಾಸ್ಟರಿನ ಅಚ್ಚಿಗೆ ಹೊಯ್ಯುವುದು. ಉಪ್ಪಿನಲ್ಲಿ ತೇವವಿದ್ದರೆ ಪಾತ್ರೆಯಲ್ಲಿದ್ದದ್ದು ಸಿಡಿಯುತ್ತಿತ್ತು. ಕಲಕುವ ಕೈ ನಿಂತರೆ ಉಪ್ಪೆಲ್ಲ ತಳ ಸೇರುತ್ತಿತ್ತು. ಉಪ್ಪು ಹೆಚ್ಚಾದರೆ ಹುಳದ ಬಾಲ ಕಿತ್ತು ಬರುತ್ತಿತ್ತು.

ಪಕ್ಕದ ಖೋಲಿಯ ಬಿಜಾಪುರದ ಗಂಗವ್ವ ಮೂಗಿಗೆ ಸೆರಗು ಹಿಡಿದು ಬರುತ್ತಿದ್ದಳು. "ಏನ್ ಸುಡಾಕತ್ತೀಯೋ ಸಂಜೀವಾ? ನಿಮ್ ಕಡೆ ಇದನ್ನ ಉಣ್ತಾರೇನು?"

"ಮೀನು ಉಣ್ತದೆ ಗಂಗಕ್ಕ. ನಿಮಗೆ ಬೇಕಾದ್ರೆ ಒಂದು ತೆಗೆದಿಡ್ತೇನೆ."

"ನಿನ್ ಮೀನಿಗೆ ಉಣ್ಣಾಕ ಬ್ಯಾರೆ ಗತಿ ಇಲ್ಲೇನೋ!"

ನಾನು ಮೀನು ತಿನ್ನದ ಮನೆಯಿಂದ ಬಂದವನು. ಒಮ್ಮೆ ಕೇಳಿದೆ, "ಪ್ಲಾಸ್ಟಿಕ್ಕಿಗೆ ಉಪ್ಪು ಯಾಕೆ ಸಂಜೀವಣ್ಣ?"

"ಉಪ್ಪಿಲ್ಲದೆ ಆಗ್ತದಾ? ವಿಷಯ ಎಂತ ಅಂದ್ರೆ..." ಎಂದವರು ನಲ್ಲಿಯಲ್ಲಿ ನೀರು ಬಂದ ಸದ್ದಿಗೆ ಬಕೆಟ್ ಹಿಡಿದು ಓಡಿದರು. ಉಳಿದ ಉತ್ತರವನ್ನು ನಾನೇ ಊಹಿಸಿಕೊಂಡೆ: ಕೆಡದಿರಲಿ ಅಂತ.

ಆ ವರ್ಷ ನೆಂಟರ ಮದುವೆಗೆಂದು ದೂಮಣ್ಣ ಮುಂಬಯಿಗೆ ಬರುವ ಕಾಗದ ಬಂತು. ಭಾನುವಾರ ಒಂದೇ ದಿನ ಬಿಡುವು, ಸೋಮವಾರ ವಾಪಸು. ಸಂಜೀವಣ್ಣನ ನಡಿಗೆ ಓಟವಾಯಿತು. ಬಾಂದ್ರಾದ ಕಡಲಂಚಿನ ಬಂಡೆಯ ಮೇಲೆ ನಿಂತು, ತನ್ನ ಕೈಯ ಹುಳದಿಂದ, ಅಣ್ಣನ ಕಣ್ಣೆದುರು ಒಂದೇ ಒಂದು ಮೀನು ಹಿಡಿಯಬೇಕು. "ಒಂದು ಸಾಕು ಮಾರಾಯ" ಎಂದು ಆ ವಾರದಲ್ಲಿ ಎಷ್ಟು ಸಲ ಹೇಳಿದರೋ! ಹನ್ನೆರಡು ಹುಳ ಎರೆದು, ಹಳೆಯ ಪೇಪರಿನಲ್ಲಿ ಸುತ್ತಿಟ್ಟು, ಶನಿವಾರ ಅಣ್ಣನನ್ನು ಕರೆತರಲು ಹೋದರು.

ನಾನು ಪೊಟ್ಟಣ ಬಿಚ್ಚಿ ನೋಡಿದೆ. ಹುಳಗಳ ಮೈಮೇಲೆಲ್ಲ ಉಪ್ಪು ಬೆಳ್ಳಗೆ ಮೂಡಿತ್ತು. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟರೆ, ಅಡುಗೆಗೆ ಮೊದಲು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸುವುದು ನಮ್ಮೂರಿನಲ್ಲಿ ಮಕ್ಕಳಿಗೂ ಗೊತ್ತು. ಈ ಗಡಿಬಿಡಿಯ ಮನುಷ್ಯ ಮರೆತೇಬಿಟ್ಟಿದ್ದಾರಲ್ಲ, ಪಾಪ ಎನಿಸಿತು. ಹನ್ನೆರಡನ್ನೂ ನೀರಿಗೆ ಹಾಕಿದೆ. ಸಂಜೆಯೊಳಗೆ ಮೂರು ಸಲ ನೀರು ಬದಲಿಸಿದೆ, ತಿಕ್ಕಿದೆ, ಒರೆಸಿ ಅದೇ ಪೇಪರಿನಲ್ಲಿ ಸುತ್ತಿಟ್ಟೆ. ನನ್ನ ಬಗ್ಗೆ ನನಗೇ ಬಹಳ ಮೆಚ್ಚುಗೆಯಾಯಿತು.

ಮರುದಿನ ಬಂಡೆಯ ಮೇಲೆ ದೂಮಣ್ಣ ಬೀಡಿ ಹಚ್ಚಿ, ಹುಳವನ್ನು ಬೆರಳಲ್ಲಿ ಹಿಚುಕಿ ಕೇಳಿದರು, "ಇದಕ್ಕೆ ಉಪ್ಪು ಎಂತಕ್ಕೆ?"

ಸಂಜೀವಣ್ಣ ಅವತ್ತು ಮಾತು ಪೂರ್ತಿ ಮಾಡಿದರು. "ಬರೀ ಪ್ಲಾಸ್ಟಿಕ್ ಆದ್ರೆ ಮೀನು ಕಚ್ಚಿ ಕೂಡ್ಲೇ ಉಗುಳ್ತದೆ. ಉಪ್ಪಿದ್ರೆ ಜೀವ ಉಂಟು ಅಂತ ಎರಡು ಗಳಿಗೆ ಬಾಯಲ್ಲಿ ಇಟ್ಕೊಳ್ತದೆ. ಎಳಿಲಿಕ್ಕೆ ಅಷ್ಟು ಸಾಕು. ಮತ್ತೆ, ಉಪ್ಪಿನ ಭಾರಕ್ಕೆ ಹುಳ ಮುಳುಗ್ತದೆ."

ಆ ಉಪ್ಪನ್ನೆಲ್ಲ ತೊಳೆದವನು ನಾನು. ಹೇಳಬೇಕು. ಬಾಯಿ ತೆರೆದೆ. ಕೆಮ್ಮಿದೆ.

ಹುಳ ನೀರಿನ ಮೇಲೆ ಹೂವಿನಂತೆ ತೇಲಿತು. ಸೀಸದ ಗುಂಡು ಕಟ್ಟಿ ಮುಳುಗಿಸಿದರು. ದಾರ ಮೂರು ಸಲ ಜಗ್ಗಿತು, ಮೂರು ಸಲವೂ ಸಡಿಲವಾಯಿತು. ಸಂಜೀವಣ್ಣ ಹುಳವೊಂದನ್ನು ಬಾಯಿಗೆ ಹಾಕಿ ಕಚ್ಚಿ ನೋಡಿದರು. ನಾನು ಸಮುದ್ರ ನೋಡಿದೆ.

"ಉಪ್ಪು ಕಡಿಮೆಯಾಯ್ತು ಅಣ್ಣ. ನನ್ನದೇ ತಪ್ಪು."

ದೂಮಣ್ಣ ಎದ್ದು ಪಂಚೆ ಕೊಡವಿದರು. "ನಿನ್ನ ಕೈಯದ್ದು ತಿಂದ್ರೆ ಮೀನಿಗೂ ವಾಂತಿ ಬರ್ತದಲ್ಲ ತಮ್ಮ" ಎಂದು ನಕ್ಕು, ಮದುವೆಮನೆಗೆ ಹೊರಟುಹೋದರು.

ಆ ವಾರ ನನಗೂ ಕೂತಲ್ಲಿ ಕೂರಲಾಗಲಿಲ್ಲ. ಆಫೀಸಿನಲ್ಲಿ ಒಂದೇ ಪತ್ರವನ್ನು ನಾಲ್ಕು ಸಲ ಟೈಪು ಮಾಡಿದೆ. ಸಂಜೀವಣ್ಣ ಹೊಸ ಹುಳ ಎರೆದರು. ಮುಂದಿನ ಭಾನುವಾರ ಅದೇ ಬಂಡೆ, ನಾವಿಬ್ಬರೇ. ಎರಡನೆಯ ಎಸೆತಕ್ಕೇ ದಾರ ಬಿಗಿಯಿತು, ಸಡಿಲವಾಗಲಿಲ್ಲ. ಮೇಲೆ ಬಂದದ್ದು ತೋಳುದ್ದದ ರಾವಸ್ ಮೀನು. ಅವರು ಅದನ್ನು ಅಪ್ಪಿ ಹಿಡಿದು ಸುತ್ತ ನೋಡಿದರು. ನೋಡಲು ನನ್ನ ಹೊರತು ಯಾರೂ ಇರಲಿಲ್ಲ.

"ನೀನು ಎಲ್ಲರ ಹಾಗೆ ಮಾಡ್ತೀಯಲ್ಲ" ಎಂದರು. "ಅಣ್ಣನ ಹಾಗೆ ಒಂದು ಮಾತು ಹೇಳು."

ಬೀಡಿ ಕಚ್ಚಿದ ಆ ಧ್ವನಿ ನನಗೆ ಬಾಯಿಪಾಠವಾಗಿತ್ತು. ಬಾಯಿ ತೆರೆದರೆ ಬಂದದ್ದು ನನ್ನದೇ ಧ್ವನಿ. "ಸಂಜೀವಣ್ಣ, ಅವತ್ತು ಹುಳ ನೆನೆಸಿ ಉಪ್ಪು ತೆಗೆದದ್ದು ನಾನು."

"ಗೊತ್ತುಂಟು. ಬಿಚ್ಚುವಾಗ ಪೇಪರ್ ಒದ್ದೆ ಇತ್ತು. ಒಳಗೆ ಸ್ವಲ್ಪ ಉಪ್ಪು ಉಳಿದಿರಬಹುದು ಅಂತ ಎಣಿಸಿದೆ."

"ಮತ್ತೆ ಅಣ್ಣನ ಹತ್ರ ಯಾಕೆ ಹೇಳಲಿಲ್ಲ?"

"ನಿನ್ನನ್ನು ಬೈತಿದ್ದ. ನನ್ನನ್ನು ಬೈದ್ರೆ ಪರವಾಗಿಲ್ಲ, ಅವನಿಗೆ ಅಭ್ಯಾಸ ಉಂಟು."

ಆ ಮೀನನ್ನು ಅವರು ಮಾರಲಿಲ್ಲ, ತಿನ್ನಲೂ ಇಲ್ಲ. ಸೀಳಿ, ಉಪ್ಪು ಸವರಿ, ಗಂಗವ್ವನ ಬೈಗುಳದ ನಡುವೆ ನಾಲ್ಕು ದಿನ ತಗಡಿನ ಮಾಡಿನ ಮೇಲೆ ಒಣಗಿಸಿದರು. ಮುಂಬಯಿಯಿಂದ ಮಲ್ಪೆಗೆ ಒಣಮೀನು ಹೊತ್ತವರು ಅವರಿಗೆ ಮೊದಲು ಯಾರೂ ಇರಲಾರರು. ಬಸ್ಸು ಹತ್ತಿಸಲು ನಾನೇ ಹೋಗಿದ್ದೆ. "ಎಂಟು ದಿನದಲ್ಲಿ ಬರ್ತೇನೆ" ಎಂದರು.

ಬಂದದ್ದು ಒಂದು ಕಾರ್ಡು, ಎರಡು ತಿಂಗಳ ಮೇಲೆ, ದೂಮಣ್ಣನ ಅಕ್ಷರದಲ್ಲಿ: "ಮೀನು ತಲುಪಿತು. ಉಪ್ಪು ಜಾಸ್ತಿಯಾಗಿತ್ತು. ತಮ್ಮ ಇನ್ನು ಇಲ್ಲಿಯೇ ಇರುತ್ತಾನೆ. ಅವನ ಟ್ರಂಕು ಕಳಿಸುವುದು."

ಗಂಗವ್ವನಿಗೆ ಓದಿ ಹೇಳಿದೆ. ಅವಳು "ಉಪ್ಪ ಜಾಸ್ತಿ ಆಗಿತ್ತ ಅಂದ್ರ, ಅಣ್ಣಾ ತಮ್ಮಾ ಕುಂತು ಉಂಡಾರ ತಗೋ" ಎಂದಳು.

ಮರುದಿನ ಆಫೀಸಿಗೆ ರಜೆ ಹಾಕಿ ಟ್ರಂಕು ಕಟ್ಟಿದೆ.