ಅವ್ವ ಕೇಳಿದ ಶ್ರುತಿ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಭೌತಶಾಸ್ತ್ರದ ಡಿಗ್ರಿ, ಅದೂ ಸುಲಭಕ್ಕೆ ದಕ್ಕಿದ್ದಲ್ಲ. ಹೀಗಾಗಿ ಯಾರಾದರೂ ದೆವ್ವ, ಪವಾಡ ಎಂದು ಶುರುಮಾಡಿದರೆ ಎದ್ದು ಹೋಗುತ್ತಿದ್ದೆ. ಕೆಲವೊಮ್ಮೆ ವಾದಕ್ಕೂ ನಿಲ್ಲುತ್ತಿದ್ದೆ. ಈಗ ಆ ಧೈರ್ಯ ಉಳಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿಮಗೆ ಕಾರಣ ಹೊಳೆದರೆ ತಿಳಿಸಿ, ಉಪಕಾರವಾದೀತು.

ಸಿಕಂದರಾಬಾದಿನಲ್ಲಿ ನಮ್ಮ ಮನೆ. ಅಪ್ಪ ಬೇಗ ತೀರಿಕೊಂಡ. ಅವ್ವ ಜೋಳದ ರೊಟ್ಟಿ ಬಡಿದು, ಅಲ್ಲಿದ್ದ ನಮ್ಮ ಕನ್ನಡದ ಕಡೆಯ ನೌಕರದಾರರ ಮನೆಗಳಿಗೆ ಮುಟ್ಟಿಸಿ ನನ್ನನ್ನೂ ತಂಗಿ ಕಮಲಳನ್ನೂ ಬೆಳೆಸಿದಳು. ನಾನು ಕೊನೆಯ ವರ್ಷದಲ್ಲಿದ್ದಾಗ ಕೆಟ್ಟ ಜ್ವರ ಬಂದು ಅವಳ ಎರಡೂ ಕಿವಿ ಹೋದವು. ಪಾಸಾದೆ ಎಂದು ಓಡಿ ಬಂದು ಹೇಳಿದ್ದು ಅವಳಿಗೆ ಕೇಳಲಿಲ್ಲ. ಕಾಲಿಗೆ ಬಿದ್ದಾಗ ತಿಳಿಯಿತು. ಅಂದಿನಿಂದ ನನಗೆ ಒಂದೇ ಹಟ. ನನ್ನದೊಂದು ಮಾತಾದರೂ ಅವಳ ಕಿವಿಗೆ ಬೀಳಬೇಕು. ನರವೇ ಹೋಗಿದೆ, ಮಷೀನು ಹಾಕಿದರೂ ಪ್ರಯೋಜನವಿಲ್ಲ ಎಂದು ಬೇಗಂಪೇಟೆಯ ಡಾಕ್ಟರರು ಹೇಳಿದ ಮೇಲೂ ಹಟ ಬಿಡಲಿಲ್ಲ.

ಕೆಲವು ವರ್ಷಗಳ ಹಿಂದೆ ನಾನೂ ಹೆಂಡತಿ ಶಾರದಾಳೂ ಹೈದರಾಬಾದಿನ ಪ್ರವಾಸಿ ತಂಡವೊಂದರ ಜೊತೆ ಸ್ಕಾಟ್ಲೆಂಡಿಗೆ ಹೋಗಿದ್ದೆವು. ಅಲ್ಲಿ ಒಂದು ಸಣ್ಣ ಊರಿನ ಮೈದಾನದಲ್ಲಿ ಅವರ ಹಳೆಯ ಕಾಲದ ಆಟಗಳು ನಡೆದಿದ್ದವು. ಚೌಕಡಿ ಬಟ್ಟೆಯ ಲಂಗ ಉಟ್ಟ ದಾಂಡಿಗರು ಉದ್ದನೆಯ ಮರದ ದಿಮ್ಮಿ ಎತ್ತಿ ಎಸೆಯುತ್ತಿದ್ದರು. "ನಮ್ಮೂರಾಗ ಗುಂಡು ಎತ್ತೋರಿಗೆ ಲಂಗ ಉಡಿಸಿದಂಗ ಐತಲ್ರೀ" ಎಂದು ಶಾರದಾ ನಕ್ಕಳು.

ಮೈದಾನದ ಇನ್ನೊಂದು ಮೂಲೆಯಲ್ಲಿ ಬ್ಯಾಗ್‌ಪೈಪ್ ಸ್ಪರ್ಧೆ. ಚೀಲಕ್ಕೆ ಗಾಳಿ ಊದಿ, ಅದನ್ನು ತೋಳಿನಿಂದ ಒತ್ತುತ್ತ ನುಡಿಸುವ ವಾದ್ಯ ಅದು. ಹೆಗಲ ಮೇಲಿನ ಮೂರು ಕೊಳವೆಗಳು ಬಿಡದೆ ಶ್ರುತಿ ಹಿಡಿದಿರುತ್ತವೆ. ಆ ನಾದ ಕೇಳಿದ್ದೇ ನನಗೆ ಅವ್ವನ ತವರು ನೆನಪಾಯಿತು. ಅವರದು ಮದುವೆಗಳಲ್ಲಿ ಸನಾದಿ ಊದುವ ಮನೆತನ. ಅಜ್ಜ ಅಭ್ಯಾಸಕ್ಕೆ ಕೂತಾಗ ಶ್ರುತಿಪೆಟ್ಟಿಗೆ ಒತ್ತುವುದು ಹುಡುಗಿಯಾಗಿದ್ದ ಅವ್ವನ ಕೆಲಸವಾಗಿತ್ತಂತೆ. ಕೇಳದಿದ್ದರೇನು, ನೋಡಲಿ ಎಂದು ಮನೆಗೆ ವಿಡಿಯೊ ಕಾಲ್ ಮಾಡಿದೆ.

ಕಮಲ ಎತ್ತಿ, ಪಕ್ಕದಲ್ಲಿದ್ದ ಅವ್ವನಿಗೂ ಕಾಣುವ ಹಾಗೆ ಹಿಡಿದಳು. ಅವಳ ಮಾತು ನಮಗೆ ಸ್ವಚ್ಛ ಕೇಳುತ್ತಿತ್ತು. "ಅಣ್ಣಾ, ಚಿತ್ರ ಬರಾಕತ್ತೈತಿ, ಧ್ವನಿ ಒಂಚೂರೂ ಇಲ್ಲ. ನೀ ಮೀನಿನಂಗ ಬಾಯಿ ಆಡಸೂದಷ್ಟ ಕಾಣಾಕತ್ತೈತಿ." ಏನೇನೋ ಒತ್ತಿ ನೋಡಿದಳು, ಆಗಲಿಲ್ಲ. ಇರಲಿ ಎಂದು ಕೈಸನ್ನೆ ಮಾಡಿ, ಫೋನನ್ನು ವಾದ್ಯದವನ ಕಡೆ ತಿರುಗಿಸಿದೆ.

ಆಗಷ್ಟೇ ಒಬ್ಬ ಎತ್ತರದ ಆಸಾಮಿ ಬಂದು ಊದತೊಡಗಿದ್ದ. ನಾಲ್ಕು ಸ್ವರ ಊದುವುದು, ನಿಲ್ಲುವುದು, ಹೆಗಲ ಮೇಲಿನ ಕೊಳವೆ ತಿರುವುವುದು. ಸ್ವಲ್ಪ ಹೊತ್ತಿಗೆ ಆತ ಕೈ ಇಳಿಸಿ ನಿಂತ, ಕೊಳವೆಗಳ ನಾದ ಮಾತ್ರ ತುಸು ನಡುಗುತ್ತ ಸಾಗಿತ್ತು. ಮುಗಿಯಿತೆಂದುಕೊಂಡು ನನ್ನ ಬೆನ್ನ ಹಿಂದಿದ್ದ ನಮ್ಮ ತಂಡದವರೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದರು.

ಫೋನಿನಲ್ಲಿ ಅವ್ವನ ದನಿ ಬಂತು. "ಚಪ್ಪಾಳಿ ಯಾಕ ಹೊಡಿತಾವ ಹುಚ್ಚು ಮಂದಿ? ಇನ್ನೂ ಶ್ರುತಿನ ಕೂಡಿಲ್ಲ. ಮೂರರಾಗ ಒಂದು ಜಾರೇತಿ."

"ಯಾವ ಚಪ್ಪಾಳಿ ಯವ್ವಾ?" ಎಂದು ಕಮಲ ಗಾಬರಿಯಾಗಿ ಕೇಳಿದಳು. ಅದು ಅವ್ವನಿಗೆ ಕೇಳಲಿಲ್ಲ. ಅವಳು ಕಣ್ಣು ಮುಚ್ಚಿ ಮೆಲ್ಲಗೆ ಗುನುಗಿದಳು. ನಾನೂ ಶಾರದಾಳೂ ಮುಖ ಮುಖ ನೋಡಿಕೊಂಡೆವು. ಅವ್ವನ ಗುನುಗು, ನಮ್ಮ ಮುಂದಿನ ನಾದ, ಎರಡೂ ಒಂದೇ ಸ್ವರ. ವಾದ್ಯದವನು ಮತ್ತೆ ಕೈ ಎತ್ತಿ ಕೊನೆಯ ಕೊಳವೆಯನ್ನು ತುಸು ತಿರುವಿದ. ನಾದದ ನಡುಕ ನಿಂತಿತು. "ಹಾಂ, ಕೂಡ್ತು" ಎಂದಳು ಅವ್ವ, ಕಣ್ಣು ಮುಚ್ಚಿಕೊಂಡೇ. ಆಮೇಲೆ ಆತ ನಿಜವಾದ ವಾದನ ಶುರುಮಾಡಿದ.

ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಫೋನನ್ನು ನನ್ನ ಕಡೆ ತಿರುಗಿಸಿ, "ಅವ್ವಾ, ನನ್ನ ಮಾತು ಕೇಳ್ತೈತೇನು? ಅವ್ವಾ" ಎಂದು ಕೂಗಿದೆ. ಸುತ್ತಲಿನವರು ತಿರುಗಿ ನೋಡಿದರು. ಅವ್ವ ಕಣ್ಣು ಬಿಟ್ಟು, "ನಡುವ ಯಾಕ ಬಂದ್ಯೋ? ಅತ್ಲಾಗ ಸರಿ, ಊದಾಂವನ್ನ ಮರೆ ಮಾಡಬ್ಯಾಡ" ಎಂದಳು. ಅಷ್ಟರಲ್ಲಿ ಕಾಲ್ ಕಡಿದು ಹೋಯಿತು.

ಊರಿಗೆ ಬಂದ ಮೇಲೆ ನಾನು ಪಟ್ಟ ಪಾಡು ಹೇಳತೀರದು. ಅದೇ ಡಾಕ್ಟರರ ಹತ್ತಿರ ಮತ್ತೆ ಪರೀಕ್ಷೆ ಮಾಡಿಸಿದೆ, ಮೊದಲಿನ ಮಾತೇ. ಆ ದಿನ ಶಾರದಾ ತನ್ನ ಫೋನಿನಲ್ಲಿ ಹಿಡಿದಿಟ್ಟ ವಾದನವನ್ನು ಅಬಿಡ್ಸ್ ಪೇಟೆಯಿಂದ ತಂದ ದೊಡ್ಡ ಸ್ಪೀಕರಿಗೆ ಹಚ್ಚಿ ಅವ್ವನ ಕಿವಿಯ ಪಕ್ಕದಲ್ಲೇ ಇಟ್ಟೆ. "ಡಬ್ಬಿ ಬಿಸಿ ಆಗೇತಿ, ಆರಸು" ಎಂದಳು. ಕಂಟೋನ್ಮೆಂಟಿನಲ್ಲಿ ಪರಿಚಯದವರನ್ನು ಕಾಡಿ ಬೇಡಿ, ಸೈನ್ಯದ ಬ್ಯಾಗ್‌ಪೈಪಿನವರು ತಾಲೀಮು ಮಾಡುವಲ್ಲಿಗೂ ಕರೆದೊಯ್ದೆ. ಅವಳು ಅವರ ಬೂಟು ನೋಡಿ ಹೊಗಳಿದಳು, ಅಷ್ಟೇ.

ಕೊಳವೆ ತಿರುವಿದ್ದನ್ನು ನೋಡಿ ಊಹಿಸಿದಳು ಎಂದುಕೊಳ್ಳೋಣ. ಕಣ್ಣು ಮುಚ್ಚಿದ್ದಾಗ? ಚಪ್ಪಾಳೆ ತಟ್ಟಿದವರಂತೂ ಚಿತ್ರದಲ್ಲಿ ಇರಲೇ ಇಲ್ಲ. ಅವಳ ಕಿವಿ ಒಂದು ಗಳಿಗೆ ತೆರೆಯಿತು ಎಂದರೂ ತಾಳೆಯಾಗದು. ಕಿವಿ ನೆಟ್ಟಗಿದ್ದ ಕಮಲಳಿಗೇ ಆ ಫೋನಿನಿಂದ ಒಂದು ಸದ್ದೂ ಕೇಳಿರಲಿಲ್ಲ. ಓದಿದ್ದೆಲ್ಲ ತಿರುವಿಹಾಕಿದೆ. ಒಂದೂ ಕೈಹಿಡಿಯಲಿಲ್ಲ.

ಕೊನೆಗೊಂದು ದಿನ ಸಿಟ್ಟು ಬಂದು, ಅವತ್ತು ಹೇಗೆ ಕೇಳಿತು ಹೇಳು ಎಂದು ಕೈಸನ್ನೆ ಬಾಯಿಸನ್ನೆ ಮಾಡಿ ಕೇಳಿದೆ. "ಬಂತು, ಕೇಳಿದೆ. ಅದಕ್ಕೇನು ಪರೀಕ್ಷಾ ಬರೀಲೇನು?" ಎಂದಳು.

ಮೊನ್ನೆ ಸಂಜೆ ಪಕ್ಕದ ಮನೆಯ ಗಂಗಮ್ಮ ಬಂದು ಕೂತಿದ್ದರು. ಅವ್ವ ಅವರಿಗೆ ಇದನ್ನೇ ಹೇಳುತ್ತಿದ್ದಳು. "ನನ್ನ ಮಗ ಅಷ್ಟು ದೂರ ಹೋಗಿ ನನಗ ಸನಾದಿ ಕೇಳಿಸಿದ ನೋಡ್ರಿ. ಓದಿದ ಮಗ."

ನಾನು ಹತ್ತಿರ ಹೋಗಿ ಅವಳ ಕಿವಿಗೆ ಬಾಯಿಟ್ಟು, "ನಾನಲ್ಲವ್ವಾ, ನಾ ಏನೂ ಕೇಳಿಸಿಲ್ಲ" ಎಂದು ಇದ್ದಷ್ಟು ದನಿಯಲ್ಲಿ ಹೇಳಿದೆ. ಗಂಗಮ್ಮ ಬೆಚ್ಚಿ ಕಿವಿ ಮುಚ್ಚಿಕೊಂಡರು. ಅವ್ವ ನನ್ನ ಉಸಿರು ತಾಕಿದ ಕೆನ್ನೆ ಒರೆಸಿಕೊಂಡು ಮಾತು ಮುಂದುವರಿಸಿದಳು.